ಗಾಡಿಯ ಮುಖ ರಸ್ತೆಯ ಕಡೆಗೆ

ಊರಾಚೆ ಬಯಲಲ್ಲಿ ಗಾಡಿ ನಿಲ್ಲಿಸಿ, ಅದರೊಳಗೆ ಸುರಕ್ಷಿತವಾಗಿ ರಾತ್ರಿ ಕಳೆಯುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿದೆ. ಮನೆಯೊಳಗೆ ಸುರಕ್ಷಿತವಾಗಿ ಮಧ್ಯಾಹ್ನ ಕಳೆಯುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ನಮ್ಮ ಮನೆಯವರು ಹೋದದ್ದು ದಿಲ್‌ಸುಖ್‌ನಗರದ ನಮ್ಮ ಮನೆಯಲ್ಲೇ, ಊಟ ಮಾಡಿ ಅಡ್ಡಾಗಿದ್ದಾಗ. ಬಾಗಿಲಿಗೆ ಚಿಲಕ ಹಾಕಿತ್ತು, ಕಿಟಕಿಗೆ ಸರಳಿದ್ದವು. ಬಂಡೆಗಳ ನಡುವೆ, ಕೆರೆಗಳ ಪಕ್ಕದಲ್ಲಿ ಎಷ್ಟೋ ರಾತ್ರಿ ಮಲಗಿ ಏನೂ ಆಗದೆ ಎದ್ದು ಬಂದ ಮನುಷ್ಯ. ಇದು ನನಗೆ ಇನ್ನೂ ಅರ್ಥವಾಗಿಲ್ಲ.

ಅವರು ಕಂಪ್ಯೂಟರ್ ಕಂಪನಿಯ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದರು. ಊರಿನ ಪಶ್ಚಿಮಕ್ಕೆ ಬೆಳಗಾದರೆ ಒಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಪಾಳಿ ಮುಗಿಯುವವರೆಗೆ ವ್ಯಾನಿನಲ್ಲೇ ನಿದ್ದೆ. ಹಾಗೆ ಮಲಗಿ ಮಲಗಿ ಅವರಿಗೆ ಮನೆಯ ಹಾಸಿಗೆ ಒಗ್ಗದಾಯಿತು. ಗಾಡಿ ಹಳೆಯದಾಗಿ ಕಂಪನಿಗೆ ಬೇಡವಾದಾಗ ತಾವೇ ಇಟ್ಟುಕೊಂಡು, ಹಿಂದಿನ ಸೀಟುಗಳನ್ನು ಕಿತ್ತು ಹಲಗೆ ಹಾಸಿದರು. ಸುಲ್ತಾನ್ ಬಜಾರಿನಿಂದ ಬಟ್ಟೆ ತಂದು ನನ್ನ ಹೊಲಿಗೆ ಯಂತ್ರದ ಮೇಲೆ ಇಟ್ಟರು. ನಾನು ಪರದೆ ಹೊಲಿದೆ. ಆಮೇಲೆ ಶನಿವಾರ ಬಂತೆಂದರೆ ಸ್ಟೋವು, ರೊಟ್ಟಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿಪುಡಿಯ ಡಬ್ಬಿ ಕಟ್ಟಿಕೊಂಡು ಹೊರಡುವುದು. ಮನೆ ಇದ್ದವರು ಯಾಕೆ ಹೊರಗೆ ಮಲಗುತ್ತಾರೆಂದು ಓಣಿಯವರು ಕೇಳುತ್ತಿದ್ದರು. ನಾನೂ ಕೇಳುತ್ತಿದ್ದೆ.

ಅವರ ನಿಯಮಗಳು ಬಹಳ. ಬೆಳಕಿರುವಾಗಲೇ ಜಾಗ ನೋಡಬೇಕು. ಒಣಗಿದ ಹಳ್ಳದಲ್ಲಿ ನಿಲ್ಲಿಸಬಾರದು, ಮಳೆ ಬೇರೆಲ್ಲೋ ಸುರಿದರೂ ನೀರು ಇಲ್ಲಿಗೆ ಬರುತ್ತದೆ. ಸ್ಟೋವು ಹೊರಗೇ ಹಚ್ಚಬೇಕು, ಕಿಟಕಿ ಎರಡು ಬೆರಳಿನಷ್ಟು ತೆರೆದಿರಬೇಕು. ನಮ್ಮ ಕ್ಯಾನಿನ ತುಂಬ ನೀರಿದ್ದರೂ ಹತ್ತಿರದ ಮನೆಗೆ ಹೋಗಿ ಒಂದು ತಂಬಿಗೆ ನೀರು ಕೇಳಬೇಕು. ನೀರು ಕೊಟ್ಟವರು ರಾತ್ರಿಯಿಡೀ ನಮ್ಮನ್ನು ನೆನಪಿಟ್ಟಿರುತ್ತಾರೆ ಎನ್ನುತ್ತಿದ್ದರು. ಗಾಡಿಯ ಮುಖ ರಸ್ತೆಯ ಕಡೆಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಡ್ರೈವರ್ ಸೀಟಿನ ಮೇಲೆ ಏನೂ ಇಡಬಾರದು. ಎದ್ದವರೇ ಕೂತು ಹೊರಟುಬಿಡುವಂತಿರಬೇಕು. ಒಮ್ಮೆ ನಾನು ಅಲ್ಲಿ ಒದ್ದೆ ಟವೆಲು ಹಾಕಿದ್ದಕ್ಕೆ ಬೆಳಗಿನವರೆಗೂ ಮಾತಾಡಿರಲಿಲ್ಲ.

ಕೆಲವು ನಿಯಮಗಳು ಒಂದಕ್ಕೊಂದು ಜಗಳವಾಡುತ್ತಿದ್ದವು. ಜನರಿರುವ ಕಡೆ ನಿಲ್ಲಿಸಬಾರದು, ಜನರಿಲ್ಲದ ಕಡೆಯೂ ನಿಲ್ಲಿಸಬಾರದು. ದೀಪ ಉರಿದರೆ ಕಳ್ಳರಿಗೆ ಕಾಣುತ್ತದೆ, ಉರಿಯದಿದ್ದರೆ ಲಾರಿಯವರಿಗೆ ಕಾಣುವುದಿಲ್ಲ. ಕೀಲಿ ಕೈಗೆ ಸಿಗಬೇಕು, ಕಣ್ಣಿಗೆ ಬೀಳಬಾರದು. ಅದಕ್ಕೆ ಅವರು ಅದನ್ನು ಹಿಂಡಿಯ ಡಬ್ಬಿಯಲ್ಲಿ ಹೂಳುತ್ತಿದ್ದರು. ಭಾನುವಾರ ಊರಿಗೆ ಮರಳುವಾಗ ಇಡೀ ಗಾಡಿ ಬೆಳ್ಳುಳ್ಳಿ ನಾರುತ್ತಿತ್ತು. ಬಂಡೆಯಲ್ಲಿ ತೂತು ಕೊರೆದಿದೆಯೇ ನೋಡಬೇಕೆಂಬ ನಿಯಮ ಆಮೇಲೆ ಸೇರಿದ್ದು. ಒಂದು ಬೆಳಿಗ್ಗೆ ಚಹಾ ಕುದಿಯುತ್ತಿದ್ದಾಗ ಯಾರೋ ಸೀಟಿ ಊದಿ ಕೆಂಪು ಬಾವುಟ ಬೀಸಿದರು. ಚಹಾ ಅಲ್ಲೇ ಚೆಲ್ಲಿ ಓಡಿದೆವು. ನಾವು ಒರಗಿದ್ದ ಬಂಡೆಗೆ ಅವತ್ತು ಸಿಡಿಮದ್ದು ಇಟ್ಟಿದ್ದರು. ಕಾಡೆಂದು ಮಲಗಿದ್ದೆವು, ಅದು ಯಾವುದೋ ಆಫೀಸಿನ ತಳಪಾಯವಾಗಿತ್ತು.

ಬೀದರ ಕಡೆಯ ನಮ್ಮಜ್ಜ ಬಂಡಿ ಕಟ್ಟಿಕೊಂಡು ಯಾತ್ರೆಗೆ ಹೋದಾಗ, ರಾತ್ರಿ ತಂಗಿದಲ್ಲಿ ಬಂಡಿಯ ನೊಗವನ್ನು ನಾಳೆ ಹೋಗಬೇಕಾದ ದಿಕ್ಕಿಗೆ ತಿರುಗಿಸಿ ಇಡುತ್ತಿದ್ದನಂತೆ. ನಸುಕಿನಲ್ಲಿ ಎದ್ದು ದಾರಿ ತಪ್ಪಬಾರದೆಂದು. ಇವರ ನಿಯಮವೂ ಅದೇ ಎಂದು ನಾನು ಒಮ್ಮೆ ಹೇಳಿದ್ದೆ. ಅಜ್ಜನಿಗೆ ಎತ್ತುಗಳಿದ್ದವು, ಅವು ಮೊದಲು ವಾಸನೆ ಹಿಡಿದು ಎಬ್ಬಿಸುತ್ತಿದ್ದವು, ನನಗೆ ನೀನೊಬ್ಬಳಿದ್ದೀ, ನಿನಗೆ ಎಚ್ಚರವೇ ಆಗುವುದಿಲ್ಲ ಎಂದು ನಕ್ಕರು. ನಿಜ. ಆ ಮಧ್ಯಾಹ್ನವೂ ನಾನು ಪಕ್ಕದಲ್ಲೇ ಮಲಗಿದ್ದೆ, ನನಗೆ ಎಚ್ಚರವಾಗಲಿಲ್ಲ.

ಅವರು ಹೋದ ಮೂರು ತಿಂಗಳಿಗೆ ಮೈದುನ ಬೀದರಿನಿಂದ ಫೋನು ಮಾಡಿದ. ಗಾಡಿ ಸುಮ್ಮನೆ ತುಕ್ಕು ಹಿಡಿಯುತ್ತದೆ, ಬೇಕೆನ್ನುವವರು ಸಿಕ್ಕಿದ್ದಾರೆ, ಸೋಮವಾರ ಬಂದು ಒಯ್ಯುತ್ತಾರೆ ಎಂದ. ಆಗಲಿ ಎಂದೆ. ಫೋನಿಟ್ಟ ಮೇಲೆ, ಕೊಡುವುದಕ್ಕೆ ಮೊದಲು ಒಂದು ರಾತ್ರಿ ಅದರಲ್ಲಿ ಮಲಗಬೇಕೆನಿಸಿತು. ಆಗ ನನ್ನ ಜೊತೆಗಿದ್ದ ನಾದಿನಿ ಸುಮಿತ್ರಾ ಯಾಕೆಂದು ಕೇಳದೆ ಶನಿವಾರ ರೊಟ್ಟಿ ಬಡಿಯಲು ಕೂತಳು.

ನಮ್ಮ ಮನೆಯವರ ಜೊತೆ ವ್ಯಾನು ಓಡಿಸುತ್ತಿದ್ದ ಯಾದಗಿರಿ ಎಂಬುವರು ನಮ್ಮನ್ನು ಒಂದು ಕೆರೆಯ ಹತ್ತಿರ ತಂದು ಬಿಟ್ಟರು. ನಾನು ಹೇಳಿದಂತೆ ಗಾಡಿಯ ಮುಖವನ್ನು ರಸ್ತೆಗೆ ತಿರುಗಿಸಿ, ಬೆಳಿಗ್ಗೆ ಬರುತ್ತೇನೆಂದು ಬಸ್ಸು ಹತ್ತಿ ಹೋದರು. ನಾನು ಒಂದು ನಿಯಮವನ್ನೂ ಬಿಡಲಿಲ್ಲ. ದಿಬ್ಬದ ಮೇಲಿನ ಮನೆಯ ಹೆಂಗಸಿನ ಹತ್ತಿರ ನೀರು ಕೇಳಿ ತಂದೆ. ಕಿಟಕಿಗೆ ಬೆರಳಿಟ್ಟು ಅಳೆದೆ. ಕೀಲಿಯನ್ನು ಹಿಂಡಿಯಲ್ಲಿ ಹೂತೆ. ಸುಮಿತ್ರಾ ಡ್ರೈವರ್ ಸೀಟಿನ ಮೇಲಿಟ್ಟ ಚೀಲವನ್ನು ಗದರಿಸಿ ತೆಗೆಸಿದೆ.

ನಡುರಾತ್ರಿ ಗಾಡಿ ಅಲುಗಾಡಿತು. ಯಾರೋ ಹೊರಗಿನಿಂದ ಮೈಯಿಟ್ಟು ನೂಕುತ್ತಿದ್ದಂತೆ. ಸುಮಿತ್ರಾ ನನ್ನ ತೋಳು ಹಿಡಿದಳು.

"ವೈನಿ, ಗಾಡಿ ಚಾಲೂ ಮಾಡ್ರಿ."

ನಾನು ಡಬ್ಬಿಗೆ ಕೈಹಾಕಿ ಕೀಲಿ ತೆಗೆದೆ. ಅಷ್ಟು ಹೊತ್ತಿಗೆ ನೆನಪಾಯಿತು.

"ನನಗೆಲ್ಲಿ ಬರ್ತೈತಿ? ನಿನಗ ಬರ್ತೈತೇನು?"

ಅವಳು ನನ್ನ ತೋಳು ಬಿಟ್ಟು ಮುಂದಕ್ಕೆ ಕೈ ತೋರಿಸಿದಳು.

"ಹಂಗಾರ ಆ ಸೀಟ ಯಾರ ಸಲುವಾಗಿ ಖಾಲಿ ಬಿಟ್ಟೀರಿ ವೈನಿ?"

ಇಬ್ಬರೂ ಆ ಸೀಟನ್ನೇ ನೋಡುತ್ತ ಕೂತೆವು. ಅದರ ಬೆನ್ನಿನಲ್ಲಿ ಅವರು ಒರಗಿ ಒರಗಿ ಬಿದ್ದ ತಗ್ಗು ಕಿಟಕಿಯ ಬೆಳಕಿಗೆ ಕಾಣುತ್ತಿತ್ತು. ಮೂರು ತಿಂಗಳಿಂದ ಮಾತಾಡಿಸಲು ಬಂದವರೆದುರು ನಾನು ಸರಿಯಾಗಿ ಅತ್ತಿರಲಿಲ್ಲ. ಆಗ ಅಳು ಬಂತು. ಜೊತೆಗೇ ನಗುವೂ ಬಂತು, ಯಾವುದು ಯಾವುದೆಂದು ತಿಳಿಯಲಿಲ್ಲ.

ಹೊರಗೆ ಟಾರ್ಚು ಬೆಳಗಿತು. ದಿಬ್ಬದ ಮನೆಯ ಹೆಂಗಸು. ಹಗ್ಗ ಬಿಚ್ಚಿಕೊಂಡು ಬಂದ ಅವಳ ಎಮ್ಮೆ ನಮ್ಮ ಗಾಡಿಗೆ ಬೆನ್ನು ತುರಿಸಿಕೊಳ್ಳುತ್ತಿತ್ತು. ನೀರು ಒಯ್ದ ಇಬ್ಬರು ಹೆಂಗಸರು ಇಲ್ಲೇ ಇದ್ದಾರಲ್ಲ ಎಂದು ಎಮ್ಮೆಗಿಂತ ಮೊದಲು ನಿಮ್ಮನ್ನು ಹುಡುಕಿದೆ ಎಂದು ತೆಲುಗಿನಲ್ಲಿ ಹೇಳಿದಳು. ಬೆಳಗಿನವರೆಗೂ ಜಗಲಿಯ ದೀಪ ಉರಿಸಿಟ್ಟಳು. ಅವರ ಇಷ್ಟು ನಿಯಮಗಳಲ್ಲಿ ನಮ್ಮ ಕೈಹಿಡಿದದ್ದು ಆ ಒಂದು ತಂಬಿಗೆ ನೀರು.

ಸೋಮವಾರ ಬಂದವರನ್ನು ಗಾಡಿ ಕೊಡದೆ, ಚಹಾ ಮಾತ್ರ ಕೊಟ್ಟು ಕಳಿಸಿದೆ. ಮೈದುನ ಇನ್ನೂ ಸಿಟ್ಟಿನಲ್ಲಿದ್ದಾನೆ. ನಾನು ನಮ್ಮ ಮನೆಯ ಹತ್ತಿರದ ಡ್ರೈವಿಂಗ್ ಸ್ಕೂಲಿಗೆ ಹೋಗುತ್ತಿದ್ದೇನೆ. ಕಲಿಸುವ ಮುದುಕರು "ಪೀಛೇ ದೇಖೋ ಅಮ್ಮಾ", ಹಿಂದೆ ನೋಡು, ಎನ್ನುತ್ತಲೇ ಇರುತ್ತಾರೆ. ಅಲ್ಲಿ ಗೊತ್ತಾದದ್ದು ಇಷ್ಟು: ಗಾಡಿಯ ಮುಖ ರಸ್ತೆಯ ಕಡೆಗೆ ನಿಲ್ಲಬೇಕಾದರೆ, ಮೊದಲು ಇಡೀ ಗಾಡಿಯನ್ನು ಹಿಂದೆ ನೋಡುತ್ತ ನೋಡುತ್ತ ಹಿಂದಕ್ಕೆ ಒಯ್ಯಬೇಕು. ಇದನ್ನು ಅವರು ಹೇಳಿರಲಿಲ್ಲ. ಆಗೆಲ್ಲ ನಾನು ಕೆಳಗಿಳಿದು ಗಾಡಿಯ ಹಿಂದೆ ನಿಂತು, "ಬರ್ರಿ, ಬರ್ರಿ, ಸಾಕು" ಎಂದು ಕೈಬೀಸುತ್ತಿದ್ದೆ.

ಈಗ ಮನೆಯೆದುರು ಅಭ್ಯಾಸ ಮಾಡುವಾಗ ಸುಮಿತ್ರಾ ಅಲ್ಲಿ ನಿಲ್ಲುತ್ತಾಳೆ. "ಬರ್ರಿ" ಎನ್ನುವುದನ್ನು ಚೆನ್ನಾಗಿ ಹೇಳುತ್ತಾಳೆ, "ಸಾಕು" ಎನ್ನುವುದನ್ನು ಸ್ವಲ್ಪ ತಡವಾಗಿ ಹೇಳುತ್ತಾಳೆ. ಹಿಂದಿನ ಒಂದು ದೀಪ ಒಡೆದಿದೆ. ಇದೆಲ್ಲ ಎಷ್ಟು ಸುರಕ್ಷಿತವೋ ನನಗೆ ತಿಳಿಯದು. ಮುಖವಂತೂ ರಸ್ತೆಯ ಕಡೆಗಿದೆ.