ಗಂಟಲಿನ ಬಾಗಿಲು

ಪಟ್ಟಿಯಕ್ಕನ ಮುತ್ತಜ್ಜ ದೋಣಿಗಾರ. ಮೂವತ್ತು ವರ್ಷ ಒಂದೇ ಹೊಳೆಯ ಮೇಲೆ ಹೋಗಿ ಬಂದು, ಎರಡೂ ದಡದವರ ಬೈಗುಳ ತಿಂದು ಗಟ್ಟಿಯಾದ ಮನುಷ್ಯ. ಒಂದು ಬೆಳಿಗ್ಗೆ ದೋಣಿಯ ಹಗ್ಗ ಬಿಚ್ಚಲು ಮೊಳಕಾಲುದ್ದ ನೀರಿಗಿಳಿದಿದ್ದಾಗ ಮೊಸಳೆ ಅವನ ಎಡಗಾಲು ಹಿಡಿದು ಒಳಗೆಳೆಯಿತು. ನೀರೊಳಗೆ ಏನಾಯಿತು ಎಂಬುದಕ್ಕೆ ಅವನ ಬಾಯಿಮಾತು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

"ಅದರ ಬಾಯೊಳಗೆ ಕೈ ತೂರಿಸ್ದೆ. ನಾಲಿಗೆ ಹಿಂದೆ ಒಂದು ಬಾಗಿಲಿತ್ತು. ತಳ್ಳಿದೆ. ನೀರು ಒಳಗೆ ನುಗ್ತು. ಬಿಡ್ತು" ಎಂದ.

ದಡದಲ್ಲಿ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಾಗಿಲಿಗೆ ಚಿಲಕ ಇತ್ತೇನಜ್ಜ?" ಎಂದು ಒಬ್ಬ. "ಹೊಸಿಲ ಹತ್ರ ಚಪ್ಪಲಿ ಬಿಟ್ಟು ಒಳಗೆ ಹೋದ್ಯೋ, ಹಾಗೇ ನುಗ್ಗಿದ್ಯೋ?" ಎಂದು ಇನ್ನೊಬ್ಬ. ಅಂದಿನಿಂದ ಅವನ ಹೆಸರು ಬಾಗಿಲಜ್ಜ ಎಂದಾಯಿತು. ಸಾಯುವವರೆಗೂ ಆ ಹೆಸರು ಅವನನ್ನು ಬಿಡಲಿಲ್ಲ.

ಅವನ ಮಗಳು ಸೂಜಿಯಜ್ಜಿ. ಬಲೆ ಹೊಲಿಯುವುದರಲ್ಲಿ ಎತ್ತಿದ ಕೈ. ಅಪ್ಪನ ಕಾಲಿನ ಗಾಯವನ್ನು ಅವಳೇ ಬಲೆಯ ದಾರದಿಂದ ಹೊಲಿದಳು. ಒಂದು ಹೊಲಿಗೆಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಜನ ಗುಂಪು ಕಟ್ಟಿಕೊಂಡು ಬಂದು ನೋಡಿ ಹೋದರು. ಏಳನೆಯ ದಿನ ಕಾಲು ಊದಿ ಕುಂಬಳಕಾಯಿಯಾಯಿತು. ಹತ್ತನೆಯ ದಿನ ಕೊಳೆತದ್ದನ್ನು ಕಡಿಯಬೇಕಾಯಿತು, ಮೊಣಕಾಲಿನಿಂದ ಕೆಳಗೆ ಕಾಲೇ ಇರಲಿಲ್ಲ. "ಮೊಸಳೆ ಬಿಟ್ಟಿದ್ದನ್ನ ನನ್ನ ಸೂಜಿ ತಿಂದುಬಿಡ್ತು" ಎಂದು ಅತ್ತ ಸೂಜಿಯಜ್ಜಿ ಮತ್ತೆ ಎಂದೂ ಮನುಷ್ಯರ ಚರ್ಮಕ್ಕೆ ಸೂಜಿ ತಾಗಿಸಲಿಲ್ಲ.

ಅವಳ ಮಗಳಿಗೆ ಆಗ ಎಂಟು ವರ್ಷ. ಅಜ್ಜನ ಕಾಲ ಕೆಳಗೆ ತಟ್ಟೆ ಹಿಡಿದು ಕೂತು ಎಲ್ಲವನ್ನೂ ನೋಡಿದವಳು. ಕೊಳಕನ್ನು ಒಳಗಿಟ್ಟು ಬೀಗ ಹಾಕಿದೆವು ಎಂಬುದು ಅವಳಿಗೆ ಹೊಳೆಯಿತು. ದೊಡ್ಡವಳಾದ ಮೇಲೆ ಅವಳು ಮೊಸಳೆ ಕಚ್ಚಿದವರ ಗಾಯವನ್ನು ಕುದಿಸಿ ಆರಿಸಿದ ಉಪ್ಪುನೀರಿನಿಂದ ಬಿಂದಿಗೆಗಟ್ಟಲೆ ತೊಳೆದಳು, ತೆರೆದೇ ಬಿಟ್ಟಳು, ಮೇಲೆ ಸಡಿಲವಾಗಿ ಬಟ್ಟೆ ಸುತ್ತಿದಳು. ಅವಳ ಕೈಯಲ್ಲಿ ಕಾಲು ಕಳೆದುಕೊಂಡವರು ಕಡಿಮೆ. ಆದರೆ ಅಜ್ಜನ ಬಾಗಿಲಿನ ಮಾತು ಬಂದರೆ ಅವಳು ಮುಖ ತಿರುಗಿಸುತ್ತಿದ್ದಳು. ಅಜ್ಜ ಸುಳ್ಳುಗಾರನೆಂದು ಒಪ್ಪಲು ಮನಸ್ಸಿಲ್ಲ, ನಿಜವೆಂದು ವಾದಿಸಲು ಬಾಯಿಲ್ಲ.

ಈ ಮೂವರ ಬೆನ್ನಿಗೆ ಬಂದವಳು, ಆ ತಟ್ಟೆ ಹಿಡಿದು ಕೂತವಳ ಮಗಳು, ಪಟ್ಟಿಯಕ್ಕ. ಹೊಳೆದಂಡೆಯ ಸಣ್ಣ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಮೂವತ್ತನಾಲ್ಕು ವರ್ಷ ಅದೇ ಕೋಣೆ: ಕಾಲು ಅಲುಗುವ ಎತ್ತರದ ಮೇಜು, ಅಂಚು ಸಿಡಿದ ಬಿಳಿ ತಟ್ಟೆಗಳು, ಚಿಮಟಗಳನ್ನು ಕುದಿಸುವ ಪಾತ್ರೆ, ಕಿಟಕಿಯ ಸರಳಿಗೆ ಒಣಹಾಕಿದ ಕೈಗವಸು. ಕಪಾಟಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಇಷ್ಟು ವರ್ಷ ಗಾಯಗಳಿಂದ ಕಿತ್ತ ಮೊಸಳೆ ಹಲ್ಲುಗಳು, ಹಲ್ಲಿನ ಚೂರುಗಳು.

ಆ ಡಬ್ಬಿ ತೆಗೆದಳೆಂದರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯದು. ಒಂದೊಂದು ಹಲ್ಲೂ ಬುಡದಲ್ಲಿ ಟೊಳ್ಳು. ಆ ಟೊಳ್ಳಿನೊಳಗೆ ಒಮ್ಮೊಮ್ಮೆ ಅಕ್ಕಿಕಾಳಿನಂಥ ಇನ್ನೊಂದು ಹಲ್ಲು. ಹಳೆಯದು ಬೀಳುವ ಮೊದಲೇ ಹೊಸದು ಸಿದ್ಧ. "ನಮಗೆ ಎರಡೇ ಸಲ ಕೊಟ್ಟು ಕೈ ತೊಳ್ಕೊಂಡ ದೇವರು, ಇದಕ್ಕೆ ಮಾತ್ರ ಸಾಯೋತನಕ ಕೊಡ್ತಾನೆ ನೋಡಿ" ಎನ್ನುತ್ತಿದ್ದಳು. ಗಾಯದ ತೂತುಗಳ ನಡುವೆ ಬೆರಳಿಟ್ಟು ಅಳೆದು, ಮೊಸಳೆ ಎಷ್ಟು ಉದ್ದವಿದ್ದೀತೆಂದು ಹೇಳುತ್ತಿದ್ದಳು. ಬರಿಯ ತೂತುಗಳಿದ್ದರೆ ಮನುಷ್ಯ ಅಲುಗಾಡದೆ ಇದ್ದನೆಂದು ಅರ್ಥ, ಸೀಳಿದ್ದರೆ ಎಳೆದಾಡಿದನೆಂದು. ಮೊಸಳೆಗೆ ಅಗಿಯಲು ಬರುವುದಿಲ್ಲ, ಹಿಡಿದು ಉರುಳುತ್ತದೆ ಅಷ್ಟೆ. ಅದೇ ಹಲ್ಲುಗಳ ನಡುವೆ ತಾಯಿ ಮೊಸಳೆ ತನ್ನ ಮರಿಗಳನ್ನು ಕಚ್ಚಿ ಎತ್ತಿಕೊಂಡು ನೀರಿಗೆ ಬಿಡುವುದನ್ನೂ ಅವಳು ಆಸ್ಪತ್ರೆಯ ಕಿಟಕಿಯಿಂದ ಕಂಡಿದ್ದಳು. ಒಂದು ಮರಿಗೂ ಗೀರು ಬಿದ್ದಿರಲಿಲ್ಲ. ಆ ದಿನವಿಡೀ ಅವಳಿಗೆ ಕೆಲಸದ ಮೇಲೆ ಗಮನವೇ ಇರಲಿಲ್ಲ.

ಹೀಗೆ ಎಲ್ಲ ತಿಳಿದವಳಿಗೆ ಒಂದು ಮಾತ್ರ ತಿಳಿದಿರಲಿಲ್ಲ. ಮುತ್ತಜ್ಜನ ಬಾಗಿಲು ಇತ್ತೇ, ಇರಲಿಲ್ಲವೇ? ಹಲ್ಲು ಗಾಯದಲ್ಲಿ ಸಿಗುತ್ತದೆ, ಗಂಟಲು ಸಿಗುವುದಿಲ್ಲವಲ್ಲ.

ಸಿಕ್ಕಿತು. ಒಂದು ಬೆಳಿಗ್ಗೆ ಮೀನುಗಾರರ ಬಲೆಯಲ್ಲಿ ಮನೆಬಾಗಿಲಿನ ಎತ್ತರಕ್ಕಿಂತ ಒಂದು ಮೊಳ ಹೆಚ್ಚು ಉದ್ದದ ಮೊಸಳೆ ಸಿಕ್ಕಿ, ಉಸಿರುಗಟ್ಟಿ ಸತ್ತಿತ್ತು. ಸತ್ತಿದೆ ಎಂದು ಎಲ್ಲರೂ ಹೇಳಿದರು. ಬಲೆ ಯಜಮಾನ ಅದರ ಹೊಟ್ಟೆಗೆ ಎರಡು ಸಲ ಒದ್ದು ನೋಡಿದ್ದ. ಪಟ್ಟಿಯಕ್ಕ ಕೈ ಒರೆಸಿಕೊಳ್ಳುತ್ತಲೇ ಓಡಿ ಬಂದಳು.

"ಅಣ್ಣಾ, ಅದರ ಬಾಯಿಗೆ ದೋಣಿಯ ಆ ಮುರಿದ ಹುಟ್ಟು ಅಡ್ಡ ಕೊಡು."

"ಯಾಕೆ ತಂಗಿ, ಹಲ್ಲು ಕೀಳ್ತೀಯಾ? ಡಬ್ಬಿ ಇನ್ನೂ ತುಂಬಿಲ್ವಾ?"

"ನಮ್ಮ ಮನೆ ಬಾಗಿಲು ಹುಡುಕ್ಬೇಕು."

ಯಜಮಾನ ನಕ್ಕು ಹುಟ್ಟನ್ನು ಅಡ್ಡ ಕೊಟ್ಟ. ಪಟ್ಟಿಯಕ್ಕ ಮಂಡಿಯೂರಿ ಬಲಗೈ ಒಳಗಿಟ್ಟಳು. ಮೂವತ್ತನಾಲ್ಕು ವರ್ಷ ಊರಿನ ಗಾಯಗಳನ್ನೆಲ್ಲ ನೋಡಿದ ಹೆಂಗಸು, ಕಂಡಕಂಡವರಿಗೆಲ್ಲ ಮೊಸಳೆ ಹತ್ತಿರ ಹೋಗಬೇಡಿ ಎಂದು ಗದರಿದವಳು, ತಾನೇ ಮೊಳಕೈವರೆಗೆ ಅದರ ಬಾಯೊಳಗೆ ತೂರಿಸಿದಳು. ನಾಲಿಗೆ ಕೆಳಕ್ಕೆ ಅಂಟಿಕೊಂಡಿತ್ತು. ಅದರ ಹಿಂದೆ ಬೆರಳು ಮೆತ್ತಗಿನ ಗೋಡೆಗೆ ತಾಗಿತು. ಕೆಳಗಿನಿಂದ ಮಾಂಸದ ಮಡಿಕೆಯೊಂದು ಎದ್ದು ನಿಂತಿತ್ತು, ಮೇಲಿನಿಂದ ಇನ್ನೊಂದು ಇಳಿದು ಅದಕ್ಕೆ ಒತ್ತಿಕೊಂಡಿತ್ತು. ಬಾಯಿ ತೆರೆದಿದ್ದರೂ ಗಂಟಲು ಮುಚ್ಚಿತ್ತು.

"ಇದೆ!" ಎಂದು ಕೂಗಿದಳು. "ಅಣ್ಣಾ, ಬಾಗಿಲು ಇದೆ ಕಣೋ!"

ಖುಷಿಯಲ್ಲಿ ಮೈಮರೆತಾಗ ಅವಳ ಮೊಳಕೈ ಅಲುಗಿತು. ಹುಟ್ಟು ಜಾರಿತು. ದವಡೆ ಮುಚ್ಚಿತು.

ಸತ್ತ ಮೊಸಳೆಯ ಬಾಯಿಯೂ ಕೆಲವೊಮ್ಮೆ ಮುಚ್ಚಿಕೊಳ್ಳುವುದುಂಟು. ಆದರೆ ಇದರ ಕಣ್ಣಿನ ಮೇಲಿನ ತೆಳುಪರದೆ ಸರಿದು ಹಳದಿ ಕಣ್ಣು ಕಂಡಿತು. ಮೀನುಗಾರರಲ್ಲಿ ಅರ್ಧ ಜನ ಕಾಲಿಗೆ ಬುದ್ಧಿ ಹೇಳಿದರು. ಯಜಮಾನ ಪಟ್ಟಿಯಕ್ಕನ ಸೊಂಟಕ್ಕೆ ಕೈ ಹಾಕಿ ಎಳೆಯಲು ಬಂದ.

"ಮುಟ್ಟಬೇಡ! ಎಳೆದ್ರೆ ಕೈ ಅದರ ಪಾಲು, ಉಳಿದದ್ದು ನಿನ್ನ ಪಾಲು. ಬಿಡು!"

ಅವಳು ಕೈಯನ್ನು ಕಲ್ಲಿನಂತೆ ಅಲುಗಿಸದೆ ಇಟ್ಟಳು. ಆ ಬಲಗೈ ಹೋದರೆ ಪಟ್ಟಿಯಕ್ಕನೇ ಇಲ್ಲ. ಒಳಗೆ ಬೆರಳ ತುದಿ ಇನ್ನೂ ಬಾಗಿಲ ಮೇಲೇ ಇತ್ತು. ತಳ್ಳಿದಳು. ಏನೂ ಆಗಲಿಲ್ಲ. ಮತ್ತೆ ತಳ್ಳಿದಳು. ಆಗ ಹೊಳೆಯಿತು: ಮುತ್ತಜ್ಜ ಬಾಗಿಲು ತೆಗೆದದ್ದು ನೀರೊಳಗೆ. ಇಲ್ಲಿ ಬಾಗಿಲು ತೆಗೆದರೂ ಒಳಗೆ ನುಗ್ಗಲು ನೀರೆಲ್ಲಿದೆ?

"ಅಣ್ಣಾ, ನೀರು ತಾ! ಬಾಯೊಳಗೆ ಸುರಿ!"

"ನಿನ್ನ ಬಾಯಿಗೋ, ಅದರ ಬಾಯಿಗೋ?"

"ಅದರದ್ದಕ್ಕೆ ಕಣಯ್ಯಾ!"

ಯಜಮಾನ ಅವಸರದಲ್ಲಿ ಸುರಿದ ಮೊದಲ ಬಿಂದಿಗೆಯ ಅರ್ಧ ಅವಳ ತಲೆ ಮೇಲೆ ಬಿತ್ತು. ಎರಡನೆಯದು ಹಲ್ಲುಸಾಲಿನ ಸಂದಿಯಿಂದ ಒಳಗೆ ಇಳಿಯಿತು. ಅವಳು ಮಡಿಕೆಯನ್ನು ಕೆಳಕ್ಕೆ ಒತ್ತಿ ಹಿಡಿದಳು. ಮೂರನೆಯದು ಮುಗಿಯುವಷ್ಟರಲ್ಲಿ ಮೊಸಳೆಯ ಗಂಟಲಿನಿಂದ ಗೊರಗೊರ ಸದ್ದು ಬಂತು, ಬಾಯಿ ಹಾ ಎಂದು ತೆರೆಯಿತು. ಅವಳು ಕೈಯನ್ನು ಎಳೆಯದೆ, ಎತ್ತಿ ಹೊರಗೆ ತಂದಳು. ಮೊಸಳೆ ಕೆಮ್ಮಿದಂತೆ ಮಾಡಿ, ಬಲೆಯ ಚೂರೊಂದನ್ನು ಹೆಗಲಿಗೆ ಹಾಕಿಕೊಂಡು ಹೊಳೆಗೆ ಇಳಿದುಹೋಯಿತು. ನೀರಿನಿಂದಲೇ ಬಿಟ್ಟಿತೋ, ಬೇಸತ್ತು ತಾನಾಗಿ ಬಿಟ್ಟಿತೋ ಎಂದು ಯಜಮಾನ ಇವತ್ತಿಗೂ ತಕರಾರು ತೆಗೆಯುತ್ತಾನೆ. ಬಿಂದಿಗೆ ಎತ್ತಿದವನು ತಾನು ಎಂಬುದನ್ನು ಮಾತ್ರ ಮರೆಯುವುದಿಲ್ಲ.

ಆಸ್ಪತ್ರೆಯಲ್ಲಿ ಹೊಸ ಡಾಕ್ಟರು. ಬಂದು ನಾಲ್ಕು ತಿಂಗಳು. ಓದಿದವರು, ಒಳ್ಳೆಯವರು, ಹೊಲಿಗೆಯಲ್ಲಿ ಹೆಸರು ಮಾಡಿದವರು. ಪಟ್ಟಿಯಕ್ಕನನ್ನು ಅವಳದೇ ಮೇಜಿನ ಮೇಲೆ ಕೂರಿಸಿ ಸೂಜಿಗೆ ದಾರ ಪೋಣಿಸತೊಡಗಿದರು.

"ಡಾಕ್ಟ್ರೇ, ಅದನ್ನ ಕೆಳಗಿಡಿ. ಮೊದಲು ತೊಳೀರಿ."

"ತೊಳೆದಾಯ್ತಲ್ಲಕ್ಕ."

"ಒಂದು ತಂಬಿಗೆಯಲ್ಲಿ ತೊಳೆದ್ರೆ ಮುಖ ತೊಳೆದ ಹಾಗೆ. ಬಕೆಟ್ ತರಿಸಿ. ಮೇಲೆ ಹನ್ನೊಂದು ತೂತು, ಕೆಳಗೆ ಒಂಬತ್ತು, ಮಣಿಕಟ್ಟಿನ ಹತ್ರ ಒಂದು ಸೀಳು. ಎಲ್ಲದರೊಳಗೂ ನೀರು ಹೋಗಿ ಹೊರಗೆ ಬರ್ಬೇಕು."

ತೊಳೆದರು. ಒಂದು ಗಂಟೆ ಹಿಡಿಯಿತು. ಅವಳು ಹಲ್ಲು ಕಚ್ಚಿ ಕೂತಿದ್ದಳು, ನಡುನಡುವೆ ಇಲ್ಲಿ, ಅಲ್ಲಿ ಎಂದು ಗಲ್ಲದಿಂದ ತೋರಿಸುತ್ತಿದ್ದಳು. ಮತ್ತೆ ಡಾಕ್ಟರ ಕೈ ಸೂಜಿಯ ಕಡೆ ಹೋಯಿತು.

"ಹೊಲೀದಿದ್ರೆ ಕಲೆ ಅಸಹ್ಯವಾಗಿ ಉಳಿಯುತ್ತೆ, ಅಕ್ಕ."

"ಉಳೀಲಿ ಬಿಡಿ. ಐವತ್ತಾರಕ್ಕೆ ನನಗೇನು ವರ ನೋಡ್ತೀರಾ?"

ಡಾಕ್ಟರಿಗೆ ನಗು ಬಂತು, ಮನಸ್ಸು ಮಾತ್ರ ಒಪ್ಪಲಿಲ್ಲ. ಅವಳು ಆಗ ಸೂಜಿಯಜ್ಜಿಯ ಕಥೆ ಹೇಳಿದಳು. ಕೂದಲೆಳೆಯ ವ್ಯತ್ಯಾಸವಿಲ್ಲದ ಹೊಲಿಗೆ, ನೋಡಲು ಬಂದ ಜನ, ಹತ್ತನೆಯ ದಿನ ಇಲ್ಲದ ಕಾಲು. ಹೇಳಿ ಮುಗಿಸಿ, "ನಾಲ್ಕು ದಿನ ತೆರೆದಿಡಿ. ಒಳಗೆ ಕೆಂಪಗೆ ಚೊಕ್ಕವಾಗಿದ್ರೆ ಆಮೇಲೆ ನಿಮ್ಮ ಸೀಳು, ನಿಮ್ಮ ಸೂಜಿ, ಚಿತ್ತಾರ ಬೇಕಾದ್ರೂ ಬಿಡಿಸಿ" ಎಂದಳು. ಆಮೇಲೆ ಎಡಗೈ ಬೆರಳಿಂದ ಒಂದು ತೂತಿನ ಪಕ್ಕ ಒತ್ತಿದಳು. "ಇದರಲ್ಲಿ ಮಾತ್ರ ನೀರು ಹೊರಗೆ ಬರ್ಲಿಲ್ಲ. ಚಿಮಟ ಹಾಕಿ."

ಡಾಕ್ಟರು ಚಿಮಟ ಇಳಿಸಿದರು. ಒಳಗೆ ಟಕ್ ಎಂದಿತು. ಹೊರಗೆ ಬಂದದ್ದು ಉಗುರಿನಷ್ಟು ಉದ್ದದ ಹಲ್ಲಿನ ತುದಿ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸೂಜಿಯನ್ನು ತಟ್ಟೆಯಲ್ಲಿಟ್ಟು ಆ ತಟ್ಟೆಯನ್ನು ದೂರ ಸರಿಸಿದರು.

ಅಷ್ಟರಲ್ಲಿ ಮೀನುಗಾರರಿಂದ ಸುದ್ದಿ ತಿಳಿದು ಪಟ್ಟಿಯಕ್ಕನ ತಾಯಿ ಬಂದಳು. ಎಂಬತ್ತೊಂದು ವರ್ಷ. ಗೋಡೆ ಹಿಡಿದು, ಮೆಟ್ಟಿಲಿಗೊಂದು ಬೈಗುಳ ಬೈಯುತ್ತ ಬಂದು ಬಾಗಿಲಲ್ಲಿ ನಿಂತಳು. ರಕ್ತದ ಬಟ್ಟೆ ನೋಡಿದಳು, ತೋಳು ನೋಡಿದಳು, ತೂತುಗಳನ್ನು ಎಣಿಸಿದಳು. ಕೈ ಹೇಗಿದೆ ಎಂದು ಕೇಳಲಿಲ್ಲ.

"ಇತ್ತೇನೇ?"

"ಇತ್ತು ಕಣಮ್ಮ. ನಾಲಿಗೆ ಹಿಂದೆ. ಅಜ್ಜ ಹೇಳಿದ ಹಾಗೇ."

ಮುದುಕಿ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಎಪ್ಪತ್ತಮೂರು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಭಾರ ಅದು. "ಚಿಲಕ ಇತ್ತಾ ಅಂತ ನಗ್ತಿದ್ರಲ್ಲ, ಆ ಬಡ್ಡೀಮಕ್ಕಳು ಒಬ್ಬರೂ ಉಳಿದಿಲ್ವಲ್ಲೇ ಈಗ ಹೇಳೋಕೆ" ಎಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಹೊಲಿದ್ರಾ?" ಎಂದು ಗದರಿದಳು. ಇಲ್ಲ ಎಂದ ಮೇಲೆಯೇ ನೀರು ಕುಡಿದಳು.

ನಾಲ್ಕನೆಯ ದಿನ ಗಾಯ ಕೆಂಪಗೆ ಚೊಕ್ಕವಾಗಿತ್ತು. ಡಾಕ್ಟರು ಮಣಿಕಟ್ಟಿನ ಸೀಳಿಗೆ ಏಳು ಹೊಲಿಗೆ ಹಾಕಿ ಆಸೆ ತೀರಿಸಿಕೊಂಡರು. ತೂತುಗಳು ತಾವಾಗಿ ತುಂಬಿಕೊಂಡವು. ಕೈ ಉಳಿಯಿತು. ಕಿರುಬೆರಳು, ಅದರ ಪಕ್ಕದ ಬೆರಳು ಮಾತ್ರ ಮಡಚಲಿಲ್ಲ. ಒಳಗೆ ನರ ಕಡಿದಿತ್ತು.

ಒಂದೂವರೆ ತಿಂಗಳ ಮೇಲೆ ಪಟ್ಟಿಯಕ್ಕ ಕೋಣೆಯ ಬೀಗ ತೆಗೆದಳು. ಹೊಸ ಹಲ್ಲಿನ ತುದಿಯನ್ನು ಡಬ್ಬಿಗೆ ಹಾಕಿ, ಮೊದಲ ರೋಗಿಯನ್ನು ಕರೆದಳು. ಅವನು ಬಲೆ ಯಜಮಾನನೇ, ಮೀನಿನ ಮುಳ್ಳು ಚುಚ್ಚಿ ಅಂಗಾಲು ಸೀಳಿಕೊಂಡಿದ್ದ. ಪಟ್ಟಿ ಸುತ್ತಿದಳು. ಗಂಟು ಹಾಕುವಾಗ ತುದಿ ಎರಡು ಸಲ ಬೆರಳಿನಿಂದ ಜಾರಿತು. ಮೂರನೆಯ ಸಲ ಬಗ್ಗಿ ತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಿಂದ ಎಳೆದು ಬಿಗಿದಳು.

ಡಾಕ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಕ್ಕ, ಮೇಲಿನವರಿಗೆ ಬರೆದಿದ್ದೀನಿ. ಗಂಟು ಹಾಕೋಕೆ, ಎತ್ತಿ ಇಳಿಸೋಕೆ ನಿಮಗೊಬ್ಬರು ಜೊತೆಗೆ ಬರ್ತಾರೆ. ಅಲ್ಲೀತನಕ ನಾನೇ ಕಟ್ತೀನಿ, ಈ ಕಡೆ ಕೊಡಿ."

ಪಟ್ಟಿಯಕ್ಕ ಬಾಯಿಂದ ದಾರದ ಎಳೆಯೊಂದನ್ನು ತೆಗೆದು, ತಲೆ ಎತ್ತದೆಯೇ ಹೇಳಿದಳು:

"ಬೇಡ ಡಾಕ್ಟ್ರೇ, ಬರೆದಿದ್ದನ್ನ ವಾಪಸ್ ತಗೊಳ್ಳಿ. ಮೊಸಳೆ ತನ್ನ ಮರೀನ ಹಲ್ಲಲ್ಲೇ ಎತ್ಕೊಂಡು ಹೊಳೆ ಮುಟ್ಟಿಸುತ್ತೆ, ಒಂದು ಗೀರು ಬೀಳಲ್ಲ. ನನಗೆ ಎಂಟು ಬೆರಳಿದೆ, ಇಪ್ಪತ್ತಾರು ಹಲ್ಲಿದೆ. ಒಂದು ಗಂಟಿಗೆ ಇನ್ನೆಷ್ಟು ಬೇಕು? ನೀವು ಹೋಗಿ ನಿಮ್ಮ ಹೊಲಿಗೆ ನೋಡ್ಕೊಳ್ಳಿ."