ಕಾಕಾ ಹೇಳಿ ಬರೆಸಿದ ದಡಿಗಳು

ಹೋದ ವಾರ ಬಾಗಲಕೋಟೆಯಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಹೊರಟಿದ್ದೆ. ಶಿರೂರಿನ ಹತ್ತಿರ ರಸ್ತೆಗೆ ಹತ್ತಿಕೊಂಡೇ ಒಂದು ಜೋಳದ ಹೊಲ. ತೆನೆಯಲ್ಲಿ ಕಾಳು ಹಾಲಿಗೆ ಬಂದಿತ್ತು. ಹಕ್ಕಿ ಬೆದರಿಸಲೆಂದು ಹೊಲದವರು ಹಗ್ಗ ಕಟ್ಟಿ, ಹಳೆಯ ಸಿ.ಡಿ.ಗಳನ್ನು ಸಾಲಾಗಿ ಇಳಿಬಿಟ್ಟಿದ್ದರು. ಅವು ಗಾಳಿಗೆ ತಿರುಗಿ ತಿರುಗಿ ಹೊಳೆಯುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, “ಚಲೋ ಉಪಾಯ ಮಾಡ್ಯಾರ ನೋಡ್ರಿ” ಎಂದಳು. ನಾನು ಹೂಂ ಎಂದೆ. ನನಗೆ ನಮ್ಮ ಓಣಿಯ ಕಾಕಾ ನೆನಪಾಗಿದ್ದರು...

ಇಳಕಲ್ಲಿನಲ್ಲಿ ನಮ್ಮ ಎದುರು ಮನೆ ಅವರದು. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವರು ಕಾಕಾ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವವರು. ಊರಿನಲ್ಲಿ ಆಗಲೇ ಪವರ್‌ಲೂಮಿನ ಸದ್ದು ಜೋರಾಗಿತ್ತು. ಸೀರೆಯ ಅಂಚಿಗೆ ನಮ್ಮಲ್ಲಿ ದಡಿ ಎನ್ನುತ್ತಾರೆ. ಗೋಮಿ, ಪರಾಸಪೇಟೆ ಎಂದು ಎಲ್ಲರೂ ನೇಯುವ ಎರಡು ಮೂರು ದಡಿ ಬಿಟ್ಟರೆ ಬೇರೆ ಅಂಚುಗಳನ್ನು ಕೇಳುವವರೇ ಇರಲಿಲ್ಲ. ಕಾಕಾನ ತಲೆಯಲ್ಲಿ ಮಾತ್ರ ನಲವತ್ತು ದಡಿಗಳಿದ್ದವು. ಹೆಸರಿಲ್ಲದ ದಡಿಗೆ ಆ ಸೀರೆ ಉಟ್ಟವರ ಹೆಸರನ್ನೇ ಇಟ್ಟುಬಿಡುತ್ತಿದ್ದರು: ಹುನಗುಂದದ ಅತ್ತಿ ದಡಿ, ಮಾಸ್ತರ ಹೆಂಡತಿ ದಡಿ. ಒಂದನ್ನೂ ಯಾರೂ ಬರೆದಿಟ್ಟಿರಲಿಲ್ಲ.

ಕಾಕಾಗೆ ಸಕ್ಕರೆ ಕಾಯಿಲೆ. ವರ್ಷ ಎರಡು ವರ್ಷದಲ್ಲಿ ನೋಟ ಹೋಗಬಹುದು ಎಂದು ಬಾಗಲಕೋಟೆಯ ಕಣ್ಣಿನ ಡಾಕ್ಟರು ಹೇಳಿದ ದಿನ, ಕಾಕಾ ಮನೆಗೂ ಹೋಗದೆ ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಅಂಗಡಿಗೆ ಬಂದರು. ನಾನು ಅಲ್ಲಿ ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡುತ್ತಿದ್ದೆ.

“ಯವ್ವಾ, ನಿನ್ನ ಮಶಿನ್ದಾಗ ದಡಿ ಕೂಡತಾವೇನು?” ಎಂದು ಕೇಳಿದರು.

“ಕೂಡಸೋಣರಿ ಕಾಕಾ” ಎಂದೆ. ಹೇಗೆ ಕೂಡಿಸುವುದೆಂದು ನನಗೇ ಗೊತ್ತಿರಲಿಲ್ಲ.

ರವಿವಾರ ಮಧ್ಯಾಹ್ನ ಅಂಗಡಿ ಖಾಲಿ ಇರುತ್ತಿತ್ತು. ಕಾಕಾ ಬೀಗರ ಮನೆ, ನೆಂಟರ ಮನೆ ಅಲೆದು, ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಸೀರೆ ಕೇಳಿ ತರುತ್ತಿದ್ದರು. ನಾನು ಅದನ್ನು ಸ್ಕ್ಯಾನರಿನ ಗಾಜಿನ ಮೇಲೆ ಹಾಸಿ ಚಿತ್ರ ತೆಗೆಯುತ್ತಿದ್ದೆ. ಆಮೇಲೆ ಪರದೆಯ ಮೇಲೆ ಚೌಕಳಿ ತೆರೆದು ಕೂಡುವುದು, ಒಂದು ಎಳೆಗೆ ಒಂದು ಚೌಕ. ಅವರು ಕಣ್ಣು ಮುಚ್ಚಿ ಹೇಳುತ್ತಿದ್ದರು: “ಮೂರು ಎತ್ತು, ಎರಡು ಬಿಡು, ಒಂದು ಎತ್ತು...” ಎತ್ತಿದ ಎಳೆಗೆ ಬಣ್ಣ, ಬಿಟ್ಟದ್ದಕ್ಕೆ ಬಿಳಿ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರು ತಪ್ಪು ತೋರಿಸಿದರೆ, “ನೀವಽ ಹಂಗ ಹೇಳಿದ್ರಿ” ಎಂದು ಜಗಳಕ್ಕೇ ನಿಲ್ಲುತ್ತಿದ್ದೆ. ಅವರು ನಗುತ್ತಿದ್ದರು. “ನಿನ್ನ ಲಗ್ನಾ ಮಾಡಿಕೊಳ್ಳಾವ ಭಾಳ ಗಟ್ಟಿಗ ಇರಬೇಕು ನೋಡವಾ.”

ಚಿತ್ರಗಳು ಫ್ಲಾಪಿಯಲ್ಲಿ ಹಿಡಿಸುತ್ತಿರಲಿಲ್ಲ. ಅಂಗಡಿಯ ಕಂಪ್ಯೂಟರಿಗೋ ಮೇಲಿಂದ ಮೇಲೆ ವೈರಸ್ ಹೊಕ್ಕು, ಮಾಲೀಕರು ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಸುತ್ತಿದ್ದರು. ಅದಕ್ಕೆ ಅಳಿಸಿ ಮತ್ತೆ ಬರೆಯಬಹುದಾದ ಒಂದು ಸಿ.ಡಿ. ತೆಗೆದುಕೊಂಡೆವು. ತಪ್ಪಾದರೆ ತಿದ್ದಬಹುದು ಎಂದು ನಾನು ವಿವರಿಸಿದೆ. ಕಾಕಾಗೆ ಅದು ಒಪ್ಪಿತು. ಮಗ್ಗದಲ್ಲೂ ತಪ್ಪು ಬಿದ್ದ ಎಳೆ ಬಿಚ್ಚಿ ಮತ್ತೆ ನೇಯುತ್ತಾರಲ್ಲ.

ಆ ಸಿ.ಡಿ.ಯ ಮೇಲೆ ಅವರಿಗೆ ಜೀವ. ಬರೆದಷ್ಟು ಭಾಗದ ಬಣ್ಣ ತುಸು ಬೇರೆಯಾಗಿ, ನಡುವಿನಿಂದ ಒಂದು ಉಂಗುರ ಹಬ್ಬುತ್ತ ಬರುತ್ತದೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಕಣ್ಣು ಮಂಜಾಗುತ್ತಿದ್ದ ಕಾಕಾ ಅದನ್ನು ಕಂಡುಹಿಡಿದರು. ರವಿವಾರ ಕೆಲಸ ಮುಗಿದ ಮೇಲೆ ಬಾಗಿಲ ಬಿಸಿಲಿಗೆ ಹಿಡಿದು, ಓರೆ ಮಾಡಿ ನೋಡುತ್ತಿದ್ದರು. “ಇವತ್ತ ಇಷ್ಟು ನೇದ್ವಿ.” ಉಂಗುರ ದೊಡ್ಡದಾದಷ್ಟೂ ಅವರ ಮುಖ ಅರಳುತ್ತಿತ್ತು.

ಅದೇ ಹೊತ್ತಿಗೆ ಪೆನ್‌ಡ್ರೈವ್ ಬಂತು. ನಮ್ಮಣ್ಣನಿಗೆ ಹೇಳಿ ಹುಬ್ಬಳ್ಳಿಯಿಂದ ಒಂದು ತರಿಸಿಕೊಂಡೆ. ಕೊರಳಿಗೆ ದಾರ ಹಾಕಿ ತೂಗುಬಿಟ್ಟುಕೊಂಡು ಓಣಿಯಲ್ಲಿ ಏನು ಬೀಗಿದ್ದೆನೋ! ಕಾಕಾ, “ಯಾವ ದರ್ಗಾದ ತಾಯಿತವಾ ಇದು?” ಎಂದರು. ನಲವತ್ತೂ ಇದರಲ್ಲಿ ಹಿಡಿಸುತ್ತವೆ, ಗೀರು ಬೀಳುವುದಿಲ್ಲ, ಸಿ.ಡಿ.ಯ ಗೊಡವೆಯೇ ಬೇಡ ಎಂದು ಹೇಳಿದೆ. ಅವರು ಅದನ್ನು ಕೈಯಲ್ಲಿ ಹೊರಳಿಸಿ ನೋಡಿ ಹಿಂದಕ್ಕೆ ಕೊಟ್ಟರು. “ಇದರಾಗ ಐತೋ ಇಲ್ಲೋ ನನಗ ಕಾಣೂದಿಲ್ಲಲ್ಲಾ.” ನಾನೂ ಬಿಡಲಿಲ್ಲ. ಅವರ ಎದುರಿಗೇ ಅಲ್ಲಿಯವರೆಗೆ ಬರೆದದ್ದನ್ನೆಲ್ಲ ಅದಕ್ಕೆ ಇಳಿಸಿ, “ನಿಮ್ಮ ದಡಿ ನನ್ನ ಕೊಳ್ಳಾಗ ಅದಾವ, ಚಿಂತಿ ಬಿಡ್ರಿ” ಎಂದೆ.

ನಲವತ್ತೂ ಮುಗಿದು ಎರಡರಲ್ಲೂ ಸೇರಿದ್ದು ದಸರೆಯ ಮುಂಚಿನ ವಾರ. ಖಂಡೆ ಪೂಜೆಯ ದಿನ ಮಗ್ಗ ನಿಲ್ಲಿಸಿ, ಲಾಳಿ, ಕತ್ತರಿಗಳನ್ನು ತೊಳೆದು ದೇವರ ಮುಂದೆ ಇಡುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಆ ವರ್ಷ ಕಾಕಾ ಸಿ.ಡಿ.ಯನ್ನೂ ಇಟ್ಟರು. ಹೊಳೆಯುವ ಮೈಯೇ ಅದರ ಮುಖ ಎಂದು ತಿಳಿದು, ಅದಕ್ಕೇ ವಿಭೂತಿ ಎಳೆದು ಕುಂಕುಮ ಹಚ್ಚಿದರು. ಮಾರನೆಯ ದಿನ ಕುಂಕುಮದ ಕಲೆ ಹೋಗಲಿಲ್ಲ. ನಮ್ಮ ಮನೆಗಳಲ್ಲಿ ಬೆಳ್ಳಿ ದೀಪ ಕಪ್ಪಾದರೆ ವಿಭೂತಿ ಹಚ್ಚಿ ತಿಕ್ಕುತ್ತಾರೆ. ಕಾಕಾ ಹಾಗೇ ತಿಕ್ಕಿದರು, ಒಣ ವಿಭೂತಿ ಹಾಕಿ, ಧೋತರದ ಅಂಚಿನಿಂದ, ಪ್ರೀತಿಯಿಂದ, ಬಹಳ ಹೊತ್ತು.

ರವಿವಾರ ಅದನ್ನು ಕಂಪ್ಯೂಟರಿಗೆ ಹಾಕಿದಾಗ ಗರಗರ ತಿರುಗಿ ಹೊರಗೆ ಬಂತು. ಒರೆಸಿ ಹಾಕಿದೆ. ಮತ್ತೆ ಹೊರಗೆ ಬಂತು. ಬೆಳಕಿಗೆ ಹಿಡಿದರೆ ಮೈತುಂಬ ಗೀರು. ನನ್ನ ಮುಖ ನೋಡಿಯೇ ಕಾಕಾಗೆ ತಿಳಿಯಿತು. ಆದರೂ ಗಾಬರಿಯಾಗಲಿಲ್ಲ.

“ಹೋಗಲಿ ಬಿಡು, ನಿನ್ನ ತಾಯಿತದಾಗ ಅದಾವಲ್ಲ.”

ತಾಯಿತದಲ್ಲಿ ಇರಲಿಲ್ಲ. ಗೆಳತಿಯ ಮದುವೆಗೆ ಸಿನಿಮಾ ಹಾಡು ಒಯ್ಯಬೇಕಾಗಿತ್ತು. ಪೆನ್‌ಡ್ರೈವಿನಲ್ಲಿ ಜಾಗ ಸಾಲಲಿಲ್ಲ. ಹೇಗೂ ಸಿ.ಡಿ. ಇದೆಯಲ್ಲ ಎಂದು ದಡಿಗಳನ್ನೆಲ್ಲ ಅಳಿಸಿಬಿಟ್ಟಿದ್ದೆ... ಎರಡು ವಾರವೂ ಆಗಿರಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಿದೆ, ಅಲ್ಲೂ ಇರಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದಂತೆ ಹೇಳಿ, ಟೇಬಲ್ಲಿಗೆ ತಲೆಯಿಟ್ಟು ಅತ್ತೆ.

ಕಾಕಾ ಸಿ.ಡಿ.ಯನ್ನು ಎತ್ತಿ ಅದರ ಡಬ್ಬಿಯಲ್ಲಿಟ್ಟರು. ಆಮೇಲೆ ಕೇಳಿದರು: “ಹಾಡಾದ್ರೂ ಚಲೋ ಇದ್ದುವೇನು?”

ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಷ್ಟು ವರ್ಷವಾದರೂ ಆ ಮಾತು ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ತಂದ ಸೀರೆಗಳೆಲ್ಲ ಅವರವರ ಮನೆ ಸೇರಿದ್ದವು. ಎಷ್ಟೋ ಹರಿದು ಕೌದಿಯಾಗಿದ್ದವು. ಚಳಿಗಾಲ ಕಳೆಯುವಷ್ಟರಲ್ಲಿ ಕಾಕಾನ ನೋಟವೂ ಹೋಯಿತು. ಒಂದು ದಿನ ಅವರ ಹೆಂಡತಿ, ನಮ್ಮ ಕಾಕು ಬಂದು, “ಕರೀಲಿಕ್ಹತ್ತಾರ ಬಾರವಾ, ಚೌಕಳಿ ನೋಟಬುಕ್ಕ ತಗೊಂಡು” ಎಂದರು. ಹೋದರೆ ಕಾಕಾ ಖಾಲಿ ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಕೂತಿದ್ದರು. ಅಲ್ಲಿ ಕೂತರೆ ಮಾತ್ರ ಎಳೆ ನೆನಪಾಗುತ್ತವಂತೆ. ಕಾಲಿನಿಂದ ಹಲಗೆ ತುಳಿದು ಇಲ್ಲದ ಸೀರೆ ನೇಯುತ್ತ, ಒಂದೊಂದೇ ಎಳೆ ಹೇಳಿದರು. ನಾನು ಪೆನ್ಸಿಲ್ಲಿನಿಂದ ತುಂಬಿದೆ. ಜಗಳ ಆಡಲಿಲ್ಲ. ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ ಹೇಳುತ್ತಿದ್ದೆ. ಕೆಲವೊಮ್ಮೆ ಅವರು ನಡುವೆಯೇ ತಡೆದು, “ಬ್ಯಾಡ, ಇದು ಬ್ಯಾರೇದರ ಜೋಡಿ ಬೆರಿಯಾಕ್ಹತ್ತೇತಿ” ಎಂದು ಪುಟ ಹೊಡೆದುಹಾಕಿಸುತ್ತಿದ್ದರು. ಹೀಗೆ ಹದಿನಾಲ್ಕು ದಡಿ ಮುಗಿದವು.

ಅಷ್ಟರಲ್ಲಿ ನನಗೆ ಬಾಗಲಕೋಟೆಯಲ್ಲಿ ನೌಕರಿಯಾಯಿತು. ಹೊರಡುವ ಹಿಂದಿನ ದಿನ ಅವರು, “ಇವತ್ತ ನಮ್ಮವ್ವನ ದಡಿ ಬರಕೊ” ಎಂದರು. ಅದನ್ನು ಮರೆಯುವ ಅಂಜಿಕೆ ಇಲ್ಲವೆಂದು ಮುಂದೆ ಮುಂದೆ ಹಾಕುತ್ತ ಬಂದಿದ್ದರು. ಅರ್ಧ ಹೇಳುವಷ್ಟರಲ್ಲಿ ದಣಿದರು. “ಉಳಿದದ್ದು ನೀ ಊರಿಗೆ ಬಂದಾಗ” ಎಂದರು. ನಾನು ಊರಿಗೆ ಬಂದದ್ದು ಅವರನ್ನು ಮಣ್ಣು ಮಾಡುವ ದಿನ.

ಆ ಹದಿನಾಲ್ಕೂವರೆ ದಡಿಗಳು ಈಗ ನನ್ನ ಫೋನಿನಲ್ಲಿವೆ, ಆಫೀಸಿನ ಕಂಪ್ಯೂಟರಿನಲ್ಲಿವೆ, ಎರಡು ಪೆನ್‌ಡ್ರೈವಿನಲ್ಲಿವೆ, ಇಂಟರ್‌ನೆಟ್ಟಿನಲ್ಲೂ ಇಟ್ಟಿದ್ದೇನೆ. ನನ್ನ ಗಂಡ, “ಎಷ್ಟ ಕಡೆ ಇಡ್ತೀ ಮಾರಾಯ್ತಿ” ಎಂದು ನಗುತ್ತಾರೆ. ಹೋದ ವಾರ ಇಳಕಲ್ಲಿಗೆ ಹೋದದ್ದೂ ಅದಕ್ಕೇ. ಕಾಕಾನ ಜೊತೆಗೆ ನೇಯುತ್ತಿದ್ದ ಮುದುಕರೊಬ್ಬರು ಇನ್ನೂ ಇದ್ದಾರೆಂದು ತಿಳಿದು, ಕಾಕಾನ ಅವ್ವನ ದಡಿಯ ಪುಟ ಹಿಡಿದುಕೊಂಡು ಹೋಗಿದ್ದೆ. ಅವರು ಬೆರಳಿಟ್ಟು ಸಾಲು ಸಾಲಾಗಿ ಎಣಿಸಿದರು. ಮೂರು ಎತ್ತು, ಎರಡು ಬಿಡು... ಬರೆದದ್ದು ಮುಗಿದ ಜಾಗಕ್ಕೆ ಬಂದು ಬೆರಳು ನಿಂತಿತು. “ಇದರ ಮುಂದಿಂದು ಅವನಿಗಷ್ಟ ಗೊತ್ತಿತ್ತವಾ” ಎಂದು ಪುಟವನ್ನು ನನ್ನ ಕೈಗೆ ಕೊಟ್ಟರು.