ಹಾಲು ಬಂದಿತ್ತೇನಮ್ಮ?

ಡಾಕ್ಟ್ರಮ್ಮನ ಕನ್ನಡಕದ ಎಡಗಡೆಯ ಕಡ್ಡಿ ಮುರಿದಿತ್ತು. ಅದಕ್ಕೆ ಗಾಯ ಹೊಲಿಯುವ ಕಪ್ಪು ದಾರವನ್ನೇ ಬಿಗಿಯಾಗಿ ಸುತ್ತಿ ಗಂಟು ಹಾಕಿಕೊಂಡಿದ್ದರು. ತಲೆ ಬಗ್ಗಿಸಿದಾಗಲೆಲ್ಲ ಅದು ಮೂಗಿನ ತುದಿಗೆ ಜಾರುತ್ತಿತ್ತು, ಹಿಂಗೈಯಿಂದ ಮೇಲಕ್ಕೆ ತಳ್ಳಿ, "ಹ್ಞೂಂ, ಆಮೇಲೆ?" ಎನ್ನುತ್ತಿದ್ದರು. ಕೊರಟಗೆರೆಯ ಆಸ್ಪತ್ರೆಯಲ್ಲಿ ಅವರ ಮುಂದಿನ ಸಾಲು ಎಂದೂ ಬೇಗ ಕರಗುತ್ತಿರಲಿಲ್ಲ. ಹೊಟ್ಟೆನೋವು ಎಂದು ಬಂದವರನ್ನೂ ಮೊನ್ನೆ ಏನು ತಿಂದೆ, ಮದುವೆಗೆ ಮೊದಲು ಹೀಗಿತ್ತೇ ಎಂದೆಲ್ಲ ಕೇಳುತ್ತ ಕೂರುತ್ತಿದ್ದರು. ನರ್ಸ್ ಗೊಣಗಿದರೆ, "ಕಾಯಿಲೆ ಅವರ ಹತ್ರ ಇದೆ ಕಣಮ್ಮ. ಅವರೇ ಹೇಳ್ಬೇಕು" ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಒಂಬತ್ತನೇ ತರಗತಿಯಲ್ಲಿದ್ದಾಗ. ನಮ್ಮದು ಕೊಳಾಲದ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆ. ಅಮ್ಮ ಬೇಸಿಗೆಯ ನಡುಹಗಲಿನಲ್ಲೂ ಕಂಬಳಿ ಹೊದ್ದು ಕೂರುತ್ತಿದ್ದಳು. ಎರಡು ಕೊಡ ನೀರು ತರುವಷ್ಟರಲ್ಲಿ ಸೋತು ಗೋಡೆಗೊರಗುತ್ತಿದ್ದಳು. ಮಾತು ನಿಧಾನ, ದನಿ ಒರಟು. ನನ್ನ ನಂತರ ಮಕ್ಕಳಾಗಲಿಲ್ಲ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದಾಯಿತು, ರಕ್ತ ಕಡಿಮೆ ಎಂದು ಟಾನಿಕ್ ಕುಡಿಸಿದ್ದಾಯಿತು. ಅಪ್ಪನ ತಾಯಿ, ನಮ್ಮಜ್ಜಿ, ಒಂದೇ ಮಾತು ಹೇಳುತ್ತಿದ್ದಳು: "ಮೈಗಳ್ಳಿ ಕಣ್ಲಾ ಅವ್ಳು. ಇನ್ನೊಂದು ಮದ್ವೆ ಆಗ್ಬುಡು." ಸಿರಾ ಕಡೆ ಹೆಣ್ಣನ್ನೂ ನೋಡಿಯಾಗಿತ್ತು. ನಾನೂ ಅಮ್ಮನನ್ನು ಸೋಮಾರಿ ಎಂದೇ ನಂಬಿದ್ದೆ. ಗೆಳತಿಯರನ್ನು ಮನೆಗೆ ಕರೆಯಲು ನಾಚುತ್ತಿದ್ದೆ.

ಆ ಬೇಸಿಗೆಯಲ್ಲಿ ಒಂದೇ ದಿನದ ವಾಂತಿಭೇದಿಗೆ ಅಮ್ಮ ಪ್ರಜ್ಞೆ ತಪ್ಪಿದಳು. ಅಪ್ಪ, ಅಜ್ಜಿ, ನಾನು ಸೇರಿ ಕೊರಟಗೆರೆಗೆ ತಂದೆವು. ಸಲೈನ್ ಏರಿಸಿದ ಮೇಲೆ ಕಣ್ಣು ಬಿಟ್ಟಳು, ಆದರೆ ಎರಡು ಬಾಟಲಿ ಮುಗಿದರೂ ಬಿಪಿ ಏರಲಿಲ್ಲ. ಥರ್ಮಾಮೀಟರ್ ಇಡಲು ಅಮ್ಮನ ತೋಳೆತ್ತಿದ ಡಾಕ್ಟ್ರಮ್ಮ ಹಾಗೆಯೇ ನಿಂತುಬಿಟ್ಟರು. ಕಂಕುಳಲ್ಲಿ ಒಂದು ಕೂದಲೂ ಇರಲಿಲ್ಲ. ಹುಬ್ಬಿನ ತುದಿ ಸವರಿ ನೋಡಿದರು, ಅಲ್ಲೂ ಬೋಳು. ಅಪ್ಪನನ್ನು ಹೊರಗೆ ಕಳಿಸಿ, ಮಂಚದ ಅಂಚಿಗೆ ಕೂತು ಬಗ್ಗಿದರು.

"ಇವಳನ್ನ ಹೆತ್ತಾಗ ಹಾಲು ಬಂದಿತ್ತೇನಮ್ಮ?"

"ಇಲ್ಲ ತಾಯಿ. ಒಂದು ತೊಟ್ಟೂ ಬರ್ಲಿಲ್ಲ. ಮೇಕೆ ಹಾಲು ಕುಡ್ಸಿ ಸಾಕಿದ್ರು."

"ರಕ್ತ ಜಾಸ್ತಿ ಹೋಗಿತ್ತಾ?"

"ಹಾಸಿದ್ದ ಗೋಣಿಯೆಲ್ಲ ನೆಂದೋಗಿತ್ತಂತೆ. ನಂಗೆ ಎಚ್ರಾನೇ ಇರ್ಲಿಲ್ಲ."

"ಆಮೇಲೆ ಮುಟ್ಟು?"

"ಆಗ್ಲೇ ಇಲ್ಲ."

ಡಾಕ್ಟ್ರಮ್ಮ ಎದ್ದು ತಾವೇ ಒಂದು ಇಂಜೆಕ್ಷನ್ ಕೊಟ್ಟರು. ಮಾರನೆಯ ಮಧ್ಯಾಹ್ನ ಅಮ್ಮ ತಾನಾಗಿ ಎದ್ದು ಕೂತು, "ಮುದ್ದೆ ಐತಾ?" ಎಂದು ಕೇಳಿದಳು.

ಅಂದು ಸಂಜೆ ಡಾಕ್ಟ್ರಮ್ಮ ನಮ್ಮೆಲ್ಲರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದರು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇರುತ್ತದೆ; ಹೆರಿಗೆಯಲ್ಲಿ ಅಷ್ಟೊಂದು ರಕ್ತ ಹೋದಾಗ ಅದು ಸತ್ತುಹೋಗಿದೆ; ಹಾಲು ಬಾರದ್ದು, ಮುಟ್ಟು ನಿಂತದ್ದು, ಕೂದಲು ಉದುರಿದ್ದು, ಚಳಿ, ಸುಸ್ತು, ಒರಟು ದನಿ ಎಲ್ಲ ಅದರಿಂದಲೇ. "ಅಪರೂಪದ ಕಾಯಿಲೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರ್ಲಿಲ್ಲ. ಬೆಂಗಳೂರಲ್ಲಿ ರಕ್ತ ಪರೀಕ್ಷೆ ಮಾಡ್ಸೋಣ. ಇನ್ನು ಮಕ್ಕಳಾಗೋದು ಕಷ್ಟ, ಸುಳ್ಳು ಹೇಳಲ್ಲ. ಆದ್ರೆ ದಿನಾ ಮಾತ್ರೆ ತಗೊಂಡ್ರೆ ಎಲ್ಲರ ಹಾಗೆ ಇರ್ತಾಳೆ."

ಅಜ್ಜಿ ಸೆರಗು ಬಾಯಿಗೊತ್ತಿಕೊಂಡಳು. "ಇಷ್ಟು ವರ್ಷ ಬೈದ್ನಲ್ಲ ತಾಯಿ ಇವ್ಳನ್ನ..."

"ಹಾಗಾದ್ರೆ ಮಾತ್ರೆ ನೀವೇ ಕೊಡಿ ಅಜ್ಜಿ. ಒಂದು ದಿನಾನೂ ತಪ್ಪಬಾರದು."

ಅಪ್ಪ ಅಜ್ಜಿಗೆ, "ಸಿರಾದೋರ್ಗೆ ಬರ್ಬ್ಯಾಡಿ ಅಂತ ಹೇಳ್ಕಳ್ಸ್ತೀನಿ ಕಣಮ್ಮ" ಎಂದ. ಅಜ್ಜಿ ಆಗಲಿ ಎಂದಳು.

ನಾನು ವರಾಂಡದ ಮೂಲೆಗೆ ಹೋಗಿ ಅಳುತ್ತಿದ್ದೆ. ಡಾಕ್ಟ್ರಮ್ಮ ಹಿಂದೆಯೇ ಬಂದರು. "ನಾನು ಹುಟ್ಟಿದ್ದಕ್ಕೇ ಅಮ್ಮಂಗೆ ಹಿಂಗಾಯ್ತಾ?" ಎಂದೆ.

"ರಕ್ತ ನಿಲ್ಸೋಕೆ ಆವತ್ತು ಅಲ್ಲಿ ಯಾರೂ ಇರ್ಲಿಲ್ಲ. ಅದು ಕಾರಣ, ನೀನಲ್ಲ" ಎಂದವರು, ನಾನು ಅಳು ನಿಲ್ಲಿಸುವವರೆಗೂ ಕದಲಲಿಲ್ಲ.

ಬೆಂಗಳೂರಿನ ಪರೀಕ್ಷೆಯೂ ಅವರ ಮಾತನ್ನೇ ಹೇಳಿತು. ಮೂರ್ನಾಲ್ಕು ತಿಂಗಳಲ್ಲಿ ಕಂಬಳಿ ಮೂಲೆ ಸೇರಿತು. ಒಂದು ಬೆಳಿಗ್ಗೆ ಹಿತ್ತಿಲಿನಿಂದ ಯಾರೋ ಹೆಂಗಸು ಕುರಿಮರಿಯನ್ನು ಕೂಗಿ ಕರೆಯುತ್ತಿರುವುದು ಕೇಳಿ, ಯಾರಪ್ಪ ಎಂದು ಹೋಗಿ ನೋಡಿದರೆ ಅಮ್ಮ. ಅವಳ ನಿಜವಾದ ದನಿ ನನ್ನ ಕಿವಿಗೆ ಬಿದ್ದದ್ದು ಅವತ್ತೇ ಮೊದಲು. ಅಜ್ಜಿ ಸಾಯುವವರೆಗೂ ಸೊಸೆಗೆ ಮಾತ್ರೆ ಕೊಡದೆ ತಾನು ಬಾಯಿಗೆ ನೀರು ಹಾಕಲಿಲ್ಲ.

ಡಾಕ್ಟ್ರಮ್ಮನಿಗೆ ಮಧುಗಿರಿಗೆ ವರ್ಗವಾಯಿತು. ಅಲ್ಲಿಗೂ ಹೋಗಿ ತೋರಿಸಿಕೊಂಡು ಬರುತ್ತಿದ್ದೆವು. ಎಂಬತ್ತರ ದಶಕದ ಕೊನೆಯಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ನಮಗೆ ಸುದ್ದಿ ತಲುಪಿದ್ದು ನಾಲ್ಕನೆಯ ದಿನ. ಅಮ್ಮ ಹಟ ಹಿಡಿದು ನನ್ನನ್ನು ಹೊರಡಿಸಿಕೊಂಡು ಹೋದಳು.

ಬಾಗಿಲು ತೆಗೆದದ್ದು ಅವರ ತಂಗಿ. ಅಕ್ಕನ ಹತ್ತಿರ ತೋರಿಸಿಕೊಂಡವರೆಂದು ತಿಳಿದು ಒಳಗೆ ಕೂರಿಸಿ, ನೀರು ಕೊಟ್ಟು, "ನಿಮಗೇನು ಕಾಯಿಲೆ ಇತ್ತು?" ಎಂದು ಮೆಲ್ಲಗೆ ವಿಚಾರಿಸಿದರು. ಅಮ್ಮನಿಗೆ ಆ ಕಾಯಿಲೆಯ ಇಂಗ್ಲಿಷ್ ಹೆಸರು ಕೊನೆಗೂ ನಾಲಿಗೆಗೆ ಹತ್ತಿರಲಿಲ್ಲ. ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು:

"ಅದು ನಂಗೊತ್ತಿಲ್ಲ ಕಣಮ್ಮ. ಅಷ್ಟು ವರ್ಷ ಎಲ್ರೂ ನಂಗೆ ಹೇಳೋರೇ. ನನ್ನ ಕೇಳಿದೋರು ಅವ್ರೊಬ್ರೇ."